ಹೇಮಗುಡ್ಡಕ್ಕೆ ಹೊರಟ ಹುಡುಗಿಯರ ಬ್ಯಾಗು

ಚಾರಣಕ್ಕೆ ಹೊರಟ ಹುಡುಗಿಯರ ಬ್ಯಾಗಲ್ಲಿ ಏನಿರಬೇಕು ಅಂದ್ರೆ ಸನ್‌ಸ್ಕ್ರೀನು, ಟೋಪಿ, ಶೂ ಅಂತ ಪಟ್ಟಿ ರೆಡಿ. ಗಂಗಾವತಿ ಹತ್ತಿರದ ಹೇಮಗುಡ್ಡ ಹತ್ತೋಕೆ ಮೊದಲು ಬೇಕಾಗಿದ್ದು ನೀರು, ತಲಾ 3 ಲೀಟರು. ಬರೀ ಬಂಡೆ, ಬಿಸಿಲು. ಆದ್ರೆ ಎಷ್ಟೋ ಹುಡುಗಿಯರು ನೀರಿದ್ರೂ ಕುಡಿಯೋದಿಲ್ಲ. ಮೂತ್ರಕ್ಕೆ ಎಲ್ಲಿ ಹೋಗೋದು ಅನ್ನೋ ಚಿಂತೆ! ಕುಡಿಯದಿದ್ರೆ ತಲೆಸುತ್ತು, ತಡ್ಕೊಂಡ್ರೆ ಉರಿಮೂತ್ರ. ಒಬ್ಬಳೇ ಬಂಡೆಸಂದಿಗೆ ಹೋಗೋಣ ಅಂದ್ರೆ ಈ ಸೀಮೆಯ ಗುಡ್ಡಗಳಲ್ಲಿ ಕರಡಿ, ಚಿರತೆ...

ಅದಕ್ಕೇ ನನ್ನ ಪಟ್ಟಿ: ದೊಡ್ಡ ವೇಲು (ಬಿಸಿಲಿಗೂ ಆಯ್ತು, ಮರೆಗೂ ಆಯ್ತು), ಪ್ಯಾಡು, ಪೇಪರ್ ಸೋಪು, ಬಳಸಿದ್ದನ್ನ ವಾಪಸ್ ತರೋಕೆ ಕವರು.

ಇದನ್ನೆಲ್ಲ ಹುಡುಗಿಯರೇ ಗುಟ್ಟಾಗಿ ಯಾಕೆ ಹೊರಬೇಕು? ಫಸ್ಟ್ ಏಡ್ ಡಬ್ಬಿ ಥರ ತಂಡದ ಬ್ಯಾಗಲ್ಲೇ ಇರಲಿ. ಲೀಡರ್ ಆದವನು ಆಗಾಗ "ಹುಡುಗರೆಲ್ಲ ಸ್ವಲ್ಪ ಮುಂದೆ ನಡೀರಪ್ಪಾ" ಅಂದ್ರೆ ಸಾಕು, ನೀರಿನ ಬಾಟಲಿ ತಾನಾಗೇ ಖಾಲಿಯಾಗುತ್ತೆ. ನೀವೇನಂತೀರಿ?