ಗೆರೆ ಬಿಟ್ಟು ನಿಲ್ಲಿ!

ಸಂಘಬಂಧುಗಳೇ, ಕೊಂಡಾಪುರದ ಕಡೆಯ ಬಯಲುಗಳಲ್ಲಿ ಭಾನುವಾರದ ಫುಟ್‌ಬಾಲು ನೋಡಿ. ಲೈನ್ಸ್‌ಮನ್ ಓಡಬೇಕಾದ ಗೆರೆಯ ಮೇಲೆ ಸ್ಕೂಟರು, ನೀರಿನ ಕ್ಯಾನು, ಬದಲಿ ಆಟಗಾರರು, ಪ್ರೇಕ್ಷಕ ಮಹಾಶಯರು! ಆತನ ಕಣ್ಣು ಚೆಂಡಿನ ಮೇಲೆ. ಡಿಕ್ಕಿ ಹೊಡೆದು ಬಿದ್ದರೆ ನಗು; "ಅಡ್ಡ ಬಂದ" ಎಂಬ ಬೈಗುಳ ಬೇರೆ.

ಅಡ್ಡ ಬಂದವರು ಯಾರು ಸ್ವಾಮಿ? ತರಬೇತುದಾರನೂ ಗೆರೆಯಿಂದ 1 ಮೀಟರು ದೂರ ನಿಲ್ಲಬೇಕೆಂಬುದು ಆಟದ ನಿಯಮ. ಚೆಂಡು ರೆಫರಿಗೆ ತಾಗಿ ಎದುರಾಳಿಯ ಪಾಲಾದರೆ ಆಟ ನಿಲ್ಲಿಸಬೇಕೆಂದು 2019ರಲ್ಲಿ ಗೊತ್ತುಮಾಡಿದರು. ಚೆಂಡಿಗೆ ಇಷ್ಟು ನ್ಯಾಯ; ಆತನ ಎಲುಬಿಗೆ?

ಬಿಸಿ ಸಾಂಬಾರಿನ ಬಕೆಟ್ಟು ಹಿಡಿದು ಬರುವ ಸಪ್ಲೈಯರಿಗೆ ಅಡಿಗೆಮನೆ ಬಾಗಿಲಲ್ಲಿ ದಾರಿ ಬಿಡದವನನ್ನು ನಾವು ಸುಮ್ಮನೆ ಬಿಡುತ್ತೇವೆಯೆ? ಗಿರಣಿಯ ತಿರುಗುವ ಗಾಲಿಗೆ 1948ರ ಕಾರ್ಖಾನೆ ಕಾಯಿದೆ ಬೇಲಿ ಹಾಕಿಸಿತು; "ಜಾಗ್ರತೆಯಪ್ಪಾ" ಎಂಬ ಬುದ್ಧಿವಾದದಿಂದ ಯಾರ ಕೈಯೂ ಉಳಿದಿರಲಿಲ್ಲ. ಆಟಗಾರ ತಾಗುವುದು ಆಟದೊಳಗಿನ ಮಾತು, ಅದನ್ನು ಪೂರಾ ತಪ್ಪಿಸಲಾಗದು. ಗೆರೆಯ ಮೇಲಿನ ಗುಂಪನ್ನು ತಪ್ಪಿಸಬಹುದು. ಭುಜ ಮುರಿದ ರೆಫರಿಗೂ ಸೋಮವಾರ ಹೊಟ್ಟೆಪಾಡಿದೆ.

ಪಂದ್ಯ ನಡೆಸುವ ಧಣಿಗಳಿಗೆ ಕಪ್ಪಿಗೆ, ಪೆಂಡಾಲಿಗೆ, ಹಾರಕ್ಕೆ ದುಡ್ಡುಂಟು. ಹಗ್ಗಕ್ಕಿಲ್ಲವೆ? ಗೆರೆಯಿಂದ 2 ಮೀಟರು ಹೊರಗೆ ಹಗ್ಗ ಕಟ್ಟಿಸಲಿ, ಕಾವಲಿಗೆ ಆಳು ನಿಲ್ಲಿಸಲಿ, ಗಾಯವಾದರೆ ಔಷಧದ ಖರ್ಚನ್ನೂ ತಪ್ಪಿದ ಕೂಲಿಯನ್ನೂ ಕೊಡಲಿ. ಅಲ್ಲಿಯವರೆಗೆ ನಮ್ಮ ತಂಡ ಬಯಲಿಗಿಳಿಯದು.