ಠಾಣೆಯ ಗೋಡೆ ಓದಿ, ಗೆಳೆಯರೇ!

ನಿಮ್ಮ ಬಡಾವಣೆಯ ಪೊಲೀಸ್ ಠಾಣೆಯ ಮುಂದೆ ದಿನಕ್ಕೆರಡು ಸಲ ಬೈಕಿನಲ್ಲಿ ಹಾದುಹೋಗುತ್ತೀರಿ. ಒಮ್ಮೆಯಾದರೂ ಒಳಗೆ ಹೋಗಿ ಗೋಡೆ ನೋಡಿದ್ದೀರಾ? ಸಾಹೇಬರ ಫೋಟೋ ಇರುವ ಗೋಡೆಯಲ್ಲ, ಸ್ವಾಮಿ. ಈ ಠಾಣೆಯವರು ಯಾರನ್ನು ಬಂಧಿಸಿದ್ದಾರೆ, ಯಾವ ಆರೋಪದ ಮೇಲೆ ಬಂಧಿಸಿದ್ದಾರೆ ಎಂಬ ಪಟ್ಟಿ ಇರಬೇಕಾದ ಗೋಡೆ!

ಹೌದು, ಅಂಥ ಪಟ್ಟಿ ಇರಲೇಬೇಕು. ಇದು ನಮ್ಮ ಬೇಡಿಕೆಯಲ್ಲ, ದೇಶದ ಕಾನೂನು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹೆಸರು ಹಿಂದಿ, ಒಳಗಿರುವುದೆಲ್ಲ ಇಂಗ್ಲಿಷ್, ಕನ್ನಡಿಗ ಎಲ್ಲಿಂದ ಓದಬೇಕೋ ದೆಹಲಿಯ ದೊರೆಗಳೇ ಹೇಳಬೇಕು) 37ನೇ ಕಲಂ ತೆಗೆದು ನೋಡಿ. ಪ್ರತಿ ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ ಎ.ಎಸ್.ಐ. ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿಯನ್ನು ಇದಕ್ಕೆಂದೇ ಗೊತ್ತುಮಾಡಬೇಕು. ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪ ಅವರ ಬಳಿ ಇರಬೇಕು. ಅದನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಕಂಪ್ಯೂಟರ್ ಪರದೆಯ ಮೇಲಾದರೂ ಸರಿ.

ಇದೇನು ನಿನ್ನೆ ಮೊನ್ನೆಯ ಮಾತಲ್ಲ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು 1986ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಲಾಕಪ್ಪುಗಳಲ್ಲಿ ಜನ ಸಾಯುತ್ತಿದ್ದಾರೆ, ಕೇಳುವವರಿಲ್ಲ ಎಂದು. ಕೋರ್ಟು ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು 1996ರ ಡಿಸೆಂಬರ್ 18ರಂದು ಹನ್ನೊಂದು ಕಟ್ಟಳೆಗಳನ್ನು ವಿಧಿಸಿತು. ಕೊನೆಯದು ಇದೇ: ಬಂಧಿಸಿದ 12 ಗಂಟೆಯೊಳಗೆ ಕಂಟ್ರೋಲ್ ರೂಮಿಗೆ ತಿಳಿಸಬೇಕು, ಅದು ಅಲ್ಲಿನ ಬೋರ್ಡಿನ ಮೇಲೆ ಕಾಣಬೇಕು. ಕೋರ್ಟಿನ ಮಾತು ಶಾಸನದ ಕಲಮಾಗಲು ಹದಿನಾಲ್ಕು ವರ್ಷ ಹಿಡಿಯಿತು. ಜಾರಿಗೆ ಬಂದ ದಿನ ಯಾವುದು ಗೊತ್ತೇ? 2010ರ ನವೆಂಬರ್ 1! ನಾವು ಬಾವುಟ ಕಟ್ಟುತ್ತಿದ್ದೆವು, ನಮ್ಮ ಕೈಗೆ ಒಂದು ಹಕ್ಕು ಬಂದು ಬಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ.

ಗೋಡೆಯ ಮೇಲಿನ ಒಂದು ಚೀಟಿಗೆ ಇಷ್ಟೇಕೆ ಕೂಗಾಟ ಎನ್ನುತ್ತೀರಾ? ಹೇಳುತ್ತೇನೆ, ಕೇಳಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಒಳ್ಳೆಯದು. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಯಾವಾಗ? ಹುಡುಗನ ಹೆಗಲ ಮೇಲೆ ಖಾಕಿ ಕೈ ಬಿದ್ದ ಕ್ಷಣದಿಂದ. ಕಾಗದದ ಮೇಲೆ ಮಾತ್ರ ಅದು ಶುರುವಾಗುವುದು ಬರೆದ ಕ್ಷಣದಿಂದ! ಬರೆಯದೇ ಇದ್ದರೆ? ಆಗ ಅವನು ಬಂಧಿತನೇ ಅಲ್ಲ. 'ವಿಚಾರಣೆಗೆ ಕರೆತಂದಿದ್ದೇವೆ', 'ವಶಕ್ಕೆ ಪಡೆದಿದ್ದೇವೆ', 'ಸುಮ್ಮನೆ ಕೂರಿಸಿದ್ದೇವೆ'. ಈ ಮೂರು ಮಾತುಗಳನ್ನು ನೀವೂ ಕೇಳಿರುತ್ತೀರಿ. ಕನ್ನಡ ಎಷ್ಟು ಶ್ರೀಮಂತ ಭಾಷೆ ನೋಡಿ, ಬಂಧನವನ್ನು ಬಂಧನ ಎನ್ನದೇ ಇರಲು ಇಷ್ಟು ದಾರಿ! ತಾಯಿ ಬಾಗಿಲಲ್ಲಿ ನಿಂತಿದ್ದಾಳೆ. 'ಇಲ್ಲಿಲ್ಲಮ್ಮ, ಆ ಠಾಣೆಗೆ ಹೋಗಿ ನೋಡು.' ಅಲ್ಲಿಂದ ಇನ್ನೊಂದಕ್ಕೆ. ಮಗ ಮಾತ್ರ ಹಿಂದಿನ ಕೋಣೆಯಲ್ಲೇ ಇದ್ದಾನೆ. ಲಾಕಪ್ಪಿನಲ್ಲಿ ಏನಾದರೂ ಆಗುವುದಿದ್ದರೆ ಆಗುವುದು ಆ ಬರೆಯದ ಗಂಟೆಗಳಲ್ಲೇ. ಗೋಡೆಯ ಮೇಲಿನ ಸಾಲು ಆ ಗಂಟೆಗಳಿಗೆ ಸಾಕ್ಷಿ.

ಅದಕ್ಕೇ 36ನೇ ಕಲಮನ್ನು ಬಾಯಿಪಾಠ ಮಾಡಿ. ಬಂಧಿಸುವವನ ಎದೆಯ ಮೇಲೆ ಅವನ ಹೆಸರು ಸ್ಪಷ್ಟವಾಗಿ ಓದುವಂತಿರಬೇಕು. ಬಂಧನದ ಮೆಮೊ ಸ್ಥಳದಲ್ಲೇ ಬರೆಯಬೇಕು. ಮನೆಯವರೊಬ್ಬರು ಅಥವಾ ಆ ಜಾಗದ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು. ಮನೆಯವರು ಸಾಕ್ಷಿಯಾಗಿಲ್ಲದಿದ್ದರೆ, ಒಬ್ಬ ಬಂಧುವಿಗೋ ಗೆಳೆಯನಿಗೋ ಸುದ್ದಿ ಮುಟ್ಟಿಸುವ ಹಕ್ಕು ನಿನಗಿದೆ ಎಂದು ಅವನಿಗೆ ಹೇಳಬೇಕು. ಹೋರಾಟಕ್ಕೆಂದು ಬೀದಿಗಿಳಿಯುವ ಹುಡುಗರಲ್ಲಿ ಎಷ್ಟು ಜನ ವ್ಯಾನು ಹತ್ತುವ ಮುಂಚೆ ಮೆಮೊ ಕೇಳಿದ್ದೀರಿ? ಘೋಷಣೆ ಕೂಗುವ ಗಂಟಲಿಗೆ ಇದೊಂದು ಮಾತು ಭಾರವೇ?

ಇನ್ನು ಎಫ್.ಐ.ಆರ್. ಅದೇನು ಬ್ರಹ್ಮರಹಸ್ಯವಲ್ಲ. 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟು, ದಾಖಲಾದ 24 ಗಂಟೆಯೊಳಗೆ ಅದನ್ನು ಪೊಲೀಸರ ವೆಬ್‌ಸೈಟಿಗೆ ಏರಿಸಿ ಎಂದಿತು. ಸಂಪರ್ಕದ ತೊಂದರೆಯಿದ್ದರೆ ಹೆಚ್ಚೆಂದರೆ 72 ಗಂಟೆ. ಲೈಂಗಿಕ ಅಪರಾಧ, ಭಯೋತ್ಪಾದನೆ, ಮಕ್ಕಳ ಮೇಲಿನ ದೌರ್ಜನ್ಯ, ಇಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ, ಇರಲೂಬೇಕು. ಆದರೆ ಆ ವಿನಾಯಿತಿಯನ್ನು ತೀರ್ಮಾನಿಸುವವರು ಡಿ.ವೈ.ಎಸ್.ಪಿ. ದರ್ಜೆಗಿಂತ ಕೆಳಗಿನವರಾಗಿರಕೂಡದು. ಬಾಗಿಲ ಬಳಿಯ ರೈಟರ್ 'ಇದು ಸೂಕ್ಷ್ಮ, ಕೊಡೋಕಾಗಲ್ಲ' ಎಂದರೆ ನಕ್ಕು ಮುಂದೆ ಹೋಗಿ. ಆರೋಪಪಟ್ಟಿಯ ಕಥೆ ಮಾತ್ರ ಬೇರೆ. ಅದು ಸಾರ್ವಜನಿಕ ದಾಖಲೆಯಲ್ಲ ಎಂದು 2023ರ ಜನವರಿಯಲ್ಲಿ ಅದೇ ಕೋರ್ಟು ಹೇಳಿಬಿಟ್ಟಿದೆ.

ಸರಿ, ಕಾಗದ ಕೈಗೆ ಬಂತು. ಓದಲು ಬರಬೇಕಲ್ಲ! ನಮ್ಮ ಠಾಣೆಗಳಲ್ಲಿ ದೂರು ಬರೆಯುವುದು ಕನ್ನಡದಲ್ಲೇ, ಅದನ್ನು ಒಪ್ಪೋಣ. ಆದರೆ ಕೇಂದ್ರದ ತನಿಖಾ ಸಂಸ್ಥೆಗಳು ಬಂದು ಕದ ತಟ್ಟಿದಾಗ ಕೈಗಿಡುವುದು ಇಂಗ್ಲಿಷ್ ಕಟ್ಟು. 1962ರಲ್ಲೇ ಮಹಾರಾಷ್ಟ್ರದ ಒಬ್ಬ ಬಂಧಿ, ಇಂಗ್ಲಿಷ್ ನನಗೆ ಬರುವುದಿಲ್ಲ, ನನಗೆ ಗೊತ್ತಿರುವ ಭಾಷೆಯಲ್ಲಿ ಕಾರಣ ಕೊಡಿ ಎಂದು ಹಟ ಹಿಡಿದಿದ್ದ. ಬಾಯಲ್ಲಿ ಅನುವಾದ ಮಾಡಿ ಹೇಳಿದ್ದೇವಲ್ಲ ಎಂದಿತು ಸರ್ಕಾರ. ಸಾಲದು ಎಂದು ಸುಪ್ರೀಂ ಕೋರ್ಟು ಅವನನ್ನು ಬಿಡಿಸಿತು. ಅದು ಮುನ್ನೆಚ್ಚರಿಕೆ ಬಂಧನದ ಮಾತು. 2025ರ ನವೆಂಬರ್ 6ರಂದು ಮುಂಬೈನ ಒಂದು ಪ್ರಕರಣದಲ್ಲಿ ಅದೇ ಕೋರ್ಟು ಎಲ್ಲ ಅಪರಾಧಗಳಿಗೂ ಅನ್ವಯಿಸುವಂತೆ ಹೇಳಿದೆ: ಬಂಧನದ ಕಾರಣ ಬರಹದಲ್ಲಿ ಕೊಡಬೇಕು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ತಕ್ಷಣ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಕಾಗದ ಕೊಡಬೇಕು. ಇಲ್ಲವಾದರೆ ಬಂಧನವೇ ಅಕ್ರಮ! ಕನ್ನಡಿಗನ ಕೈಗೆ ಇದಕ್ಕಿಂತ ಹರಿತವಾದ ಅಸ್ತ್ರ ಇನ್ನೇನು ಬೇಕು?

ನಮ್ಮವರಲ್ಲೇ ಕೆಲವರಿಗೆ ಈಗ ಹೇಳುವ ಮಾತು ರುಚಿಸಲಿಕ್ಕಿಲ್ಲ. ಇದೇ ತೀರ್ಪು ಬೆಂಗಳೂರಿನ ಕಟ್ಟಡದ ಮೇಲಿಂದ ಎಳೆತಂದ ಒಡಿಯಾ ಕೂಲಿಯವನಿಗೂ ಅನ್ವಯ. ಅವನಿಗೆ ಒಡಿಯಾದಲ್ಲಿ ಕಾರಣ ಕೊಡಬೇಕು. ಮುಂಬೈಯ ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗನಿಗೆ ಅಲ್ಲಿ ಕನ್ನಡದಲ್ಲಿ ಕೊಡಿ ಎಂದು ಕೇಳುವ ಬಾಯಿ, ಇಲ್ಲಿ ಇವನಿಗೆ ಬೇಡ ಎನ್ನಲು ಬರುತ್ತದೆಯೇ?

ವಾರಂಟಿನ ಸಂಗತಿಗೆ ಬರೋಣ. ಯಾರ್‍ಯಾರ ಮೇಲೆ ವಾರಂಟು ಇದೆ ಎಂದು ಊರಿಗೆಲ್ಲ ತೋರಿಸುವ ಪಟ್ಟಿ ನಮ್ಮ ಕಾನೂನಿನಲ್ಲಿಲ್ಲ. ಕೋರ್ಟುಗಳ ವೆಬ್‌ಸೈಟಿನಲ್ಲಿ ಪ್ರಕರಣದ ಸಂಖ್ಯೆ ಹಾಕಿದರೆ ಕಲಾಪದ ವಿವರದಲ್ಲಿ ವಾರಂಟಿನ ಮಾತು ಸಿಗಬಹುದು. ಆರೋಪಿ ತಲೆಮರೆಸಿಕೊಂಡ ಮೇಲೆ ಹೊರಡುವ ಘೋಷಣೆಯನ್ನು ಮಾತ್ರ ಊರಿನ ಎದ್ದುಕಾಣುವ ಜಾಗದಲ್ಲಿ ಓದಿ ಹೇಳಬೇಕು, ಅವನ ಮನೆಗೂ ಕೋರ್ಟಿನ ಗೋಡೆಗೂ ಅಂಟಿಸಬೇಕು. ಹಾಗಾಗಿ ನಿಜವಾದ ವಾರಂಟು ಹೇಗಿರುತ್ತದೆಂದು ನೋಡಿದವರೇ ಕಡಿಮೆ. ಇದರ ಫಲ ಉಣ್ಣುತ್ತಿರುವವರು 'ಡಿಜಿಟಲ್ ಅರೆಸ್ಟ್' ದಗಾಕೋರರು. ವಾಟ್ಸಾಪಿನಲ್ಲಿ ಅಶೋಕ ಸ್ತಂಭದ ಮುದ್ರೆ ಇರುವ ಇಂಗ್ಲಿಷ್ ಕಾಗದ ಬರುತ್ತದೆ, ವಿಡಿಯೊದಲ್ಲಿ ಖಾಕಿ ತೊಟ್ಟವನೊಬ್ಬ ಹಿಂದಿಯಲ್ಲಿ ಗದರಿಸುತ್ತಾನೆ, ನಿವೃತ್ತ ಮೇಷ್ಟ್ರು ನಡುಗಿ ಜೀವಮಾನದ ಗಂಟನ್ನು ಕಳಿಸಿಬಿಡುತ್ತಾರೆ. ಇವತ್ತೇ ಮನೆಯಲ್ಲಿ ಅಪ್ಪ ಅಮ್ಮನಿಗೆ ಹೇಳಿ: ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಬಂಧನದ ವಾರಂಟು ಬರಹದಲ್ಲಿರಬೇಕು, ನ್ಯಾಯಾಧೀಶರ ಸಹಿಯೂ ಕೋರ್ಟಿನ ಮೊಹರೂ ಇರಬೇಕು. ಜಾರಿ ಮಾಡಲು ಬಂದವನು ಅದರ ಸಾರಾಂಶ ಹೇಳಬೇಕು, ಕೇಳಿದರೆ ಕಾಗದ ತೋರಿಸಬೇಕು. ವಾರಂಟು ತೋರಿಸಿ ಹಣ ಕೇಳಿದವನು ಕಳ್ಳ. 1930ಕ್ಕೆ ಫೋನ್ ಮಾಡಿ.

ಹಾಗಂತ ಬಂಧಿತರ ಪಟ್ಟಿ ತೆಗೆದು ಊರೆಲ್ಲ ಹಂಚಿ ಮಾನ ಹರಾಜು ಹಾಕಿ ಎಂದು ನಾನು ಹೇಳುತ್ತಿಲ್ಲ. ಬಂಧಿತ ಎಂದರೆ ಅಪರಾಧಿ ಅಲ್ಲ. ಅಮೆರಿಕದ ಹಲವೆಡೆ ಬಂಧಿತರ ಫೋಟೋ ಸಮೇತ ಎಲ್ಲವೂ ಸಾರ್ವಜನಿಕ. ಅವನ್ನು ಎತ್ತಿ ಹಾಕಿ, ತೆಗೆಯಬೇಕಾದರೆ ದುಡ್ಡು ಕೊಡಿ ಎನ್ನುವ ದಂಧೆಯೇ ಅಲ್ಲಿ ಬೆಳೆದಿತ್ತು. ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಮಾನವಾಯಿತು. ಪೂರ್ತಿ ವಿಳಾಸವನ್ನು ಅಂತರ್ಜಾಲಕ್ಕೆ ಏರಿಸುವುದು ನನಗಂತೂ ಸರಿಕಾಣದು. ಗೋಡೆಯ ಪಟ್ಟಿ ಇರುವುದು ಪೊಲೀಸರ ಮೇಲೆ ಕಣ್ಣಿಡಲು, ಪಕ್ಕದ ಮನೆಯವನ ಮೇಲಲ್ಲ.

ಈಗ ಮಾಡಬೇಕಾದ ಕೆಲಸ. ಹತ್ತು ರೂಪಾಯಿ ಶುಲ್ಕ, ಒಂದು ಹಾಳೆ. ಮಾಹಿತಿ ಹಕ್ಕಿನ ಅರ್ಜಿ ಕನ್ನಡದಲ್ಲೇ ಬರೆಯಿರಿ, ಕಾಯ್ದೆಯ 6ನೇ ಕಲಮೇ ಅದಕ್ಕೆ ಅವಕಾಶ ಕೊಟ್ಟಿದೆ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, ನೂರೈವತ್ತು ಪದದೊಳಗೆ, ಹಾಗಾಗಿ ಭಾಷಣ ಬೇಡ. 37ನೇ ಕಲಮಿನಡಿ ಈ ಠಾಣೆಗೆ ಗೊತ್ತುಮಾಡಿರುವ ಅಧಿಕಾರಿಯ ಹೆಸರು, ಹುದ್ದೆ ಏನು? ಬಂಧಿತರ ಪಟ್ಟಿ ಎಲ್ಲಿ, ಯಾವ ಭಾಷೆಯಲ್ಲಿ ಪ್ರದರ್ಶಿಸಲಾಗಿದೆ? ಎಂದಿನಿಂದ? ಇಷ್ಟೇ ಕೇಳಿ. 'ತನಿಖೆ ನಡೆಯುತ್ತಿದೆ, ಕೊಡಲಾಗದು' ಎಂದು ಹಿಂಬರಹ ಬಂದರೆ, ತನಿಖೆ ನಡೆಯುತ್ತಿದೆ ಎಂಬುದೊಂದೇ ಕಾರಣವಾಗದು ಎಂದು 2007ರಲ್ಲಿ ದೆಹಲಿ ಹೈಕೋರ್ಟು ಹೇಳಿರುವುದನ್ನು ಮೇಲ್ಮನವಿಯಲ್ಲಿ ಬರೆಯಿರಿ. ಸಾಮಾನ್ಯ ಅರ್ಜಿಗೆ ಉತ್ತರದ ಗಡುವು 30 ದಿನ. ಒಬ್ಬನ ಜೀವ, ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಆ ಮಾತನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ, ಸ್ವೀಕೃತಿಯ ಮೇಲೆ ಗಂಟೆಯನ್ನೂ ಹಾಕಿಸಿಕೊಳ್ಳಿ.