ಗೋಡೆ ಒಣಗುವ ಮೊದಲೇ ಬಣ್ಣವೇಕೆ?

ಬೆಸಗರಹಳ್ಳಿಯ ಸುತ್ತಮುತ್ತ ಹೊಸ ಮನೆ ಕಟ್ಟುವವರು ಬಣ್ಣದ ಕಾರ್ಡು ನೋಡುವಷ್ಟು ಹೊತ್ತು ಗಾರೆಯನ್ನು ನೋಡುವುದಿಲ್ಲ. ಈದ್‌ಗೆ ಮುಂಚೆ ಮನೆ ಸೇರಬೇಕೆಂಬ ಆತುರ ಬೇರೆ. ಆದರೆ ಮನೆಯವರ ಆರೋಗ್ಯದ ಲೆಕ್ಕದಲ್ಲಿ ಬಣ್ಣದ ಹೊಳಪಿಗಿಂತ ಅದರ ಕೆಳಗಿನ ಗಾರೆಯೇ ಮುಖ್ಯ.

ಮಂಡ್ಯ, ಮದ್ದೂರು, ಮಳವಳ್ಳಿ ಎಂದರೆ ವಿಶ್ವೇಶ್ವರಯ್ಯ ನಾಲೆಯ ಸೀಮೆ. ಗದ್ದೆ, ಕಬ್ಬಿನ ಪಕ್ಕದ ನಿವೇಶನದಲ್ಲಿ ನೆಲದ ತೇವ ಗೋಡೆ ಹತ್ತುತ್ತದೆ. ತಳಪಾಯದ ಮೇಲೆ ತೇವ ತಡೆಯುವ ಪದರ ಹಾಕಿಸದಿದ್ದರೆ ಎಷ್ಟು ದುಬಾರಿ ಎಮಲ್ಷನ್ ಬಳಿದರೂ ಚಕ್ಕೆ ಏಳುತ್ತದೆ, ಬೂಷ್ಟು ಹಿಡಿಯುತ್ತದೆ. ಉಬ್ಬಸವಿರುವ ಮಗು ಮಲಗುವುದೂ ಅದೇ ಗೋಡೆಯ ಪಕ್ಕದಲ್ಲಿ.

ಒಳಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಜರಡಿ ಹಿಡಿದ ಮರಳು, ಸುಮಾರು 12 ಮಿ.ಮೀ. ದಪ್ಪ ಸಾಕು. 7 ದಿನ ತಪ್ಪದೆ ನೀರು ಹೊಡೆಯಬೇಕು. ಆಮೇಲೆ ಒಣಗಲು ಕನಿಷ್ಠ ಒಂದು ತಿಂಗಳು ಬಿಡಬೇಕು. ಮಳೆಗಾಲವಾದರೆ ಇನ್ನೂ ಹೆಚ್ಚು. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಬೆವರಿದ್ದರೆ ಪೇಂಟರನ್ನು ವಾಪಸ್ ಕಳುಹಿಸಿ. ವುಝೂ ಮಾಡುವ ನಲ್ಲಿಯ ಹಿಂದಿನ ಗೋಡೆಗೆ ಜಿಪ್ಸಮ್ ಬೇಡವೇ ಬೇಡ, ನೀರು ತಾಗಿದರೆ ಅದು ಮೆತ್ತಗಾಗುತ್ತದೆ. ಅಲ್ಲಿ ಸಿಮೆಂಟ್ ಗಾರೆ, ಮೇಲೆ ಟೈಲ್ಸ್ ಸರಿ.

ಕನ್ನಡಿಯಂಥ ನುಣುಪಿಗಾಗಿ ಪುಟ್ಟಿಯ ಮೇಲೆ ಪುಟ್ಟಿ ಹಚ್ಚಿಸುವುದು ನನಗೆ ಹಿಡಿಸುವುದಿಲ್ಲ. ಅದು ನೆಂಟರು ನೋಡಲಿ ಎಂಬ ಖರ್ಚು. ಉಜ್ಜುವಾಗ ಏಳುವ ಧೂಳೋ ಕೆಲಸದ ಹುಡುಗರ ಶ್ವಾಸಕೋಶಕ್ಕೆ. ಮಾಸ್ಕ್ ಕೊಡಿಸುವುದು ಮನೆ ಯಜಮಾನರ ಹೊಣೆಯೇ ಹೊರತು ಮೇಸ್ತ್ರಿಯದಲ್ಲ.

ಬಣ್ಣದಲ್ಲಿ ನೋಡಬೇಕಾದ್ದು ಸೀಸ. ಚಿಕ್ಕ ಮಕ್ಕಳ ಮೆದುಳಿಗೆ ಅದು ವಿಷ. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿತು. 2017ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಬಗ್ಗೆ ಬಹುಕಾಲ ಎಚ್ಚರಿಸಿದವರು. ಡಬ್ಬದ ಮೇಲೆ ಸೀಸದ ಪ್ರಮಾಣ ಬರೆದಿದೆಯೇ ಎಂದು ಓದಿ, ಮುಖ್ಯವಾಗಿ ಬಾಗಿಲು ಕಿಟಕಿಗೆ ಹಚ್ಚುವ ಆಯಿಲ್ ಪೇಂಟಿನದು. ಬರೆದಿಲ್ಲದ ಅಗ್ಗದ ಡಬ್ಬ ಬೇಡ. ಒಳಗೋಡೆಗೆ ನೀರಿನಲ್ಲಿ ಕಲಸುವ, ವಾಸನೆ ಕಡಿಮೆಯಿರುವ ಎಮಲ್ಷನ್ ಆಗುತ್ತದೆ. ಕೈ ಬಿಗಿಯಿದ್ದರೆ ಸುಣ್ಣ ಯಾವ ಅವಮಾನವೂ ಅಲ್ಲ. ಅದು ಗೋಡೆಯ ತೇವವನ್ನು ಹೊರಬಿಡುತ್ತದೆ, ಬೂಷ್ಟನ್ನೂ ಸುಲಭಕ್ಕೆ ಹತ್ತಿರ ಸೇರಿಸದು.

ಹಳೆಯ ಬಾಗಿಲನ್ನು ಹೊಸ ಮನೆಗೆ ಕೂಡಿಸುವವರು ಅದರ ಬಣ್ಣವನ್ನು ಒಣಗಿದಂತೆಯೇ ಕೆರೆಯಬೇಡಿ. ನೀರು ಹಚ್ಚಿ ಕೆರೆದು, ಚಕ್ಕೆಗಳನ್ನು ಚೀಲಕ್ಕೆ ಕಟ್ಟಿಡಿ. ಬಸುರಿಯರೂ ಮಕ್ಕಳೂ ಆ ಹೊತ್ತು ಬೇರೆ ಮನೆಯಲ್ಲಿರಲಿ.